ಶೋಕೇಸಿನ ಆಚೆಯವರು ‘ಬೇಡ’ ಅಂದಾಗ

ಪ್ರಶ್ನೆ: 2024ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಹೋಗಿದ್ದೆ. ಅಲ್ಲಿನ ಮೂಲನಿವಾಸಿಗಳ ವಿಭಾಗದಲ್ಲಿ ಎರಡು ದೊಡ್ಡ ಹಾಲ್‌ಗಳನ್ನು ಮುಚ್ಚಿದ್ದರು. ಆ ಜನರ ಒಪ್ಪಿಗೆ ಇಲ್ಲದೆ ತೋರಿಸುವ ಹಾಗಿಲ್ಲ ಅಂತ ಕಾರಣ ಕೊಟ್ಟರು. ಬೇರೆಯವರ ಸಂಸ್ಕೃತಿ ತಿಳಿಯಲಿ ಅಂತ ತಾನೇ ಮ್ಯೂಸಿಯಂ ಇರೋದು? ಹೀಗೆ ಮುಚ್ಚಿಟ್ಟರೆ ನಮ್ಮಂಥವರು ನೋಡೋದೇನು, ಕಲಿಯೋದೇನು? ಇದು ನಿಜವಾದ ಗೌರವವಾ, ಇಲ್ಲ ಈಗಿನ ಕಾಲದ ತೋರಿಕೆಯಾ?

ಉತ್ತರ: ಅಷ್ಟು ದೂರ ಹೋಗಿ, ಟಿಕೆಟ್ ತೆಗೆದುಕೊಂಡು, ಮುಚ್ಚಿದ ಬಾಗಿಲು ನೋಡಿ ಬರೋದು ಅಂದ್ರೆ ಯಾರಿಗಾದರೂ ಬೇಜಾರೇ. ಆದರೆ ಆ ಬಾಗಿಲು ಮುಚ್ಚಿದ್ದು ಮ್ಯೂಸಿಯಂನವರ ದೊಡ್ಡ ಮನಸ್ಸಿನಿಂದ ಅಲ್ಲ, ಕಾನೂನಿನ ಒತ್ತಡದಿಂದ. ಅಮೆರಿಕದಲ್ಲಿ 1990ರಲ್ಲಿ ಒಂದು ಕಾಯ್ದೆ ಬಂತು. ಅದರ ಉದ್ದ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ, ಎಲ್ಲರೂ ‘ನ್ಯಾಗ್‌ಪ್ರಾ’ ಅಂತಾರೆ. ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಮ್ಯೂಸಿಯಂಗಳು ತಮ್ಮಲ್ಲಿರುವ ಮೂಲನಿವಾಸಿಗಳ ಮೂಳೆ, ಗೋರಿಯ ವಸ್ತು, ಪೂಜೆಯ ವಸ್ತುಗಳ ಪಟ್ಟಿ ಮಾಡಬೇಕು, ಸಂಬಂಧಪಟ್ಟ ಬುಡಕಟ್ಟಿಗೆ ತಿಳಿಸಬೇಕು, ಹಕ್ಕು ಸರಿಯಿದ್ದರೆ ವಾಪಸ್ ಕೊಡಬೇಕು. ‘ಇದು ಯಾರದ್ದು ಅಂತ ಖಚಿತವಿಲ್ಲ’ ಅನ್ನೋ ಒಂದು ಮಾತು ಹಿಡಿದು ಅನೇಕ ಮ್ಯೂಸಿಯಂಗಳು ಮೂವತ್ತು ವರ್ಷ ಕಾಲ ತಳ್ಳಿದವು. 2024ರ ಜನವರಿ 12ರಂದು ಹೊಸ ನಿಯಮ ಜಾರಿಗೆ ಬಂತು. ಇಂಥ ವಸ್ತುವನ್ನು ಪ್ರದರ್ಶನಕ್ಕೆ ಇಡಬೇಕಾದರೂ, ಸಂಶೋಧನೆಗೆ ಕೊಡಬೇಕಾದರೂ ಮೊದಲು ಆ ಜನರ ಒಪ್ಪಿಗೆ ಬೇಕೇ ಬೇಕು. ಆ ತಿಂಗಳ ಕೊನೆಗೆ ನ್ಯೂಯಾರ್ಕಿನವರು ಈಸ್ಟರ್ನ್ ವುಡ್‌ಲ್ಯಾಂಡ್ಸ್ ಮತ್ತು ಗ್ರೇಟ್ ಪ್ಲೇನ್ಸ್ ಹಾಲ್‌ಗಳನ್ನು ಮುಚ್ಚಿದರು. ನೀವು ನೋಡಿದ್ದು ಅದನ್ನೇ. ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲೂ ಕೆಲವು ಶೋಕೇಸ್‌ಗಳನ್ನು ಮುಚ್ಚಿಟ್ಟರು.

ತೋರಿಕೆಯಾ ಅಂತ ಕೇಳಿದ್ದೀರಿ. ಮ್ಯೂಸಿಯಂ ಲೋಕದಲ್ಲಿ ತೋರಿಕೆಗೆ ಕೊರತೆಯೇನೂ ಇಲ್ಲ. ಆದರೆ ಇದು ಅದಲ್ಲ. ಕಳೆದ ನೂರೈವತ್ತು ವರ್ಷದಲ್ಲಿ ಇಂಥ ಹಾಲ್‌ಗಳ ಲೇಬಲ್ ಬದಲಾಗಿದೆ, ಗೋಡೆಯ ಬಣ್ಣ ಬದಲಾಗಿದೆ, ದೀಪ ಬದಲಾಗಿದೆ. ಅವು ಯಾವುವೂ ಮಾಡದ ಕೆಲಸವನ್ನು ಒಂದು ‘ಬೇಡ’ ಮಾಡಿದೆ. ವಸ್ತು ಯಾರದ್ದೋ ಅವರು ಬೇಡ ಅಂದರೆ ಅದು ನಡೆಯಬೇಕು. ಆ ಅಧಿಕಾರ ಕೊಡದೆ ನಡೆಸುವ ಸಭೆ, ಸಮಾಲೋಚನೆ, ಅಭಿಪ್ರಾಯ ಸಂಗ್ರಹ ಎಲ್ಲ ಕಾಫಿ ಕುಡಿದು ಎದ್ದು ಬರುವ ಕಾರ್ಯಕ್ರಮಗಳು. ನಾನು ಹೀಗೆ ಯಾಕೆ ಹೇಳುತ್ತೇನೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂ ಹುಟ್ಟಿದ್ದು 1884ರಲ್ಲಿ, ಒಬ್ಬ ಸೇನಾಧಿಕಾರಿ ಕೂಡಿಟ್ಟ ಸಂಗ್ರಹದಿಂದ. ಅಲ್ಲಿ ಒಂದೊಂದು ಜನಕ್ಕೆ ಒಂದೊಂದು ಕೋಣೆ ಅಂತಿಲ್ಲ. ಬಾಣಗಳೆಲ್ಲ ಒಂದು ಕಡೆ, ದೋಣಿಗಳೆಲ್ಲ ಒಂದು ಕಡೆ, ಬುಟ್ಟಿಗಳೆಲ್ಲ ಇನ್ನೊಂದು ಕಡೆ. ಅವರ ಲೆಕ್ಕ ಸರಳ. ಒರಟಾದದ್ದು ಮೊದಲು, ನಯವಾದದ್ದು ಕೊನೆಗೆ, ಮನುಷ್ಯಕುಲ ಮೆಟ್ಟಿಲು ಹತ್ತಿದ್ದು ಹೀಗೆ. ಮೇಲಿನ ಮೆಟ್ಟಿಲಲ್ಲಿ ಯಾರು ನಿಂತಿದ್ದರು ಅಂತ ಬಿಡಿಸಿ ಹೇಳಬೇಕಾ? ಮೆಟ್ಟಿಲು ಕಟ್ಟಿದವರೇ. ಹೀಗೆ ಜೋಡಿಸಿಬಿಟ್ಟರೆ, ಆ ಹೊತ್ತಿಗೆ ಬದುಕಿದ್ದು ದೋಣಿ ನಡೆಸುತ್ತಿದ್ದ ಮನುಷ್ಯ ಯುರೋಪಿನವರ ಮುತ್ತಾತನ ಕಾಲದವನಾಗಿಬಿಡುತ್ತಾನೆ.

ಇದನ್ನು ಮೊದಲೇ ಪ್ರಶ್ನೆ ಮಾಡಿದವರೂ ಇದ್ದರು. ಜರ್ಮನಿಯಿಂದ ಬಂದಿದ್ದ ಯುವ ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ 1887ರಲ್ಲಿ, ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿ ಇದೇ ಥರ ಜೋಡಿಸುತ್ತಿದ್ದ ಓಟಿಸ್ ಮೇಸನ್ ಜೊತೆ ಪತ್ರಿಕೆಯಲ್ಲೇ ವಾದಕ್ಕೆ ನಿಂತರು. ಅವರು ಎತ್ತಿಕೊಂಡ ಉದಾಹರಣೆಗಳಲ್ಲಿ ಒಂದು ಗಿಲಕಿ. ಒಂದು ಗಿಲಕಿ ಸುಮ್ನೆ ಸದ್ದು ಮಾಡಲಿಕ್ಕೆ ಇರಬಹುದು, ಇನ್ನೊಂದು ದೈವದ ಕೆಲಸಕ್ಕೆ ಇರಬಹುದು. ಸದ್ದು ಬರುತ್ತದೆ ಅನ್ನೋ ಕಾರಣಕ್ಕೆ ಎರಡನ್ನೂ ಒಂದೇ ಕಪಾಟಿಗೆ ಹಾಕಿದರೆ ಏನು ತಿಳಿದ ಹಾಗಾಯ್ತು? ವಸ್ತುವನ್ನು ಅದರ ಜನರ ಜೊತೆ, ಅವರ ಉಳಿದ ವಸ್ತುಗಳ ಜೊತೆ ಇಡಿ ಅಂದರು. ಇವತ್ತು ಹೆಚ್ಚಿನ ಮ್ಯೂಸಿಯಂಗಳಲ್ಲಿ ಒಂದೊಂದು ಜನಕ್ಕೆ ಒಂದೊಂದು ಗ್ಯಾಲರಿ ಇರುವುದಕ್ಕೆ ಆ ವಾದದ ಪಾಲು ದೊಡ್ಡದು.

ಇಲ್ಲಿಗೇ ನಿಲ್ಲಿಸಿದರೆ ಬೋವಾಸ್ ಕಥೆಯ ನಾಯಕರಾಗುತ್ತಾರೆ. ಆದರೆ ಹತ್ತು ವರ್ಷದ ನಂತರ ಅವರು ನ್ಯೂಯಾರ್ಕಿನ ಇದೇ ಮ್ಯೂಸಿಯಂನಲ್ಲಿದ್ದಾಗ ನಡೆದದ್ದನ್ನೂ ಹೇಳಬೇಕು. 1897ರಲ್ಲಿ ರಾಬರ್ಟ್ ಪಿಯರಿ ಅನ್ನೋ ಧ್ರುವಯಾತ್ರಿ ಗ್ರೀನ್‌ಲ್ಯಾಂಡಿನಿಂದ ಅಲ್ಲಿನ ಮೂಲನಿವಾಸಿಗಳಾದ ಆರು ಮಂದಿ ಇನ್ಯೂಟರನ್ನು ಹಡಗಿನಲ್ಲಿ ಕರೆತಂದ. ಅಧ್ಯಯನಕ್ಕೆ ಒಬ್ಬರನ್ನು ಕರೆತನ್ನಿ ಅಂತ ಕೇಳಿದ್ದವರು ಬೋವಾಸ್. ಬಂದವರನ್ನು ಮ್ಯೂಸಿಯಂನಲ್ಲೇ ಇಟ್ಟರು. ವರ್ಷ ತುಂಬುವುದರೊಳಗೆ ನಾಲ್ವರು ಕಾಯಿಲೆಯಿಂದ ಸತ್ತರು. ಅವರಲ್ಲಿ ಕಿಸುಕ್ ಅನ್ನುವವರ ಮಗ ಮಿನಿಕ್, ಇನ್ನೂ ಚಿಕ್ಕ ಹುಡುಗ. ಅವನ ಕಣ್ಣೆದುರು ಅಪ್ಪನನ್ನು ಮಣ್ಣು ಮಾಡಿದರು. ಮಣ್ಣು ಮಾಡಿದ್ದು ಬಟ್ಟೆ ಸುತ್ತಿದ ಒಂದು ಮರದ ತುಂಡನ್ನು. ಅಪ್ಪನ ಅಸ್ಥಿಪಂಜರ ಮ್ಯೂಸಿಯಂನ ಒಳಗೇ ಉಳಿಯಿತು. ಮಿನಿಕ್ ಬೆಳೆದ ಮೇಲೆ ನಿಜ ತಿಳಿದು, ಅಪ್ಪನನ್ನು ಕೊಡಿ ಅಂತ ಕೇಳಿದ. ಕೊಡಲಿಲ್ಲ. ಆ ನಾಲ್ವರ ಮೂಳೆಗಳು ಗ್ರೀನ್‌ಲ್ಯಾಂಡಿನ ಕಾನಾಕ್‌ಗೆ ಹೋದದ್ದು 1993ರಲ್ಲಿ. ಅಷ್ಟರಲ್ಲಿ ಮಿನಿಕ್ ಸತ್ತು ಎಪ್ಪತ್ತೈದು ವರ್ಷವಾಗಿತ್ತು.

ಎಲ್ಲ ಜನರೂ ಸಮಾನರು ಅಂತ ಜೀವನವಿಡೀ ವಾದಿಸಿದ ಬೋವಾಸ್ ಆ ಸುಳ್ಳು ಶವಸಂಸ್ಕಾರವನ್ನು ಸಮರ್ಥಿಸಿಕೊಂಡರು. ಇದನ್ನು ಯಾಕೆ ಹೇಳಿದೆ ಅಂದರೆ, ಒಳ್ಳೆಯ ಸಿದ್ಧಾಂತ ಇದ್ದ ಮಾತ್ರಕ್ಕೆ ಮ್ಯೂಸಿಯಂ ಸರಿಯಾಗಿ ನಡೆದುಕೊಳ್ಳುವುದಿಲ್ಲ. ಮಿನಿಕ್‌ಗೆ ಬೇಡ ಅನ್ನುವ ದಾರಿಯೇ ಇರಲಿಲ್ಲ.

ಇನ್ನೊಂದು ವಿಚಾರ ನಿಮ್ಮ ಗಮನಕ್ಕೆ ಬಂದಿರಬಹುದು. ಮನುಷ್ಯರ ಸಂಸ್ಕೃತಿ ನೋಡಲು ನೀವು ಹೋದದ್ದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ. ಡೈನೋಸಾರ್ ಇರುವ, ತಿಮಿಂಗಿಲ ತೂಗುಹಾಕಿರುವ ಕಟ್ಟಡ. ಗ್ರೀಕರ ಮೂರ್ತಿ, ಫ್ರೆಂಚರ ಚಿತ್ರ ನೋಡಲು ಹೋಗಬೇಕಾದದ್ದು ಸೆಂಟ್ರಲ್ ಪಾರ್ಕಿನ ಆಚೆ ಬದಿಯ ಕಲಾ ಮ್ಯೂಸಿಯಂಗೆ. ಯಾರು ಪ್ರಕೃತಿ, ಯಾರು ನಾಗರಿಕತೆ ಅನ್ನೋದನ್ನು ಕಟ್ಟಡಗಳೇ ಹೇಳಿಬಿಡುತ್ತವೆ, ಲೇಬಲ್ ಓದುವ ಅಗತ್ಯವೇ ಇಲ್ಲ.

ಇದರ ಅತಿ ಕೆಟ್ಟ ಉದಾಹರಣೆ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿತ್ತು. ಅಲ್ಲಿನ ಸೌತ್ ಆಫ್ರಿಕನ್ ಮ್ಯೂಸಿಯಂನ ಜೇಮ್ಸ್ ಡ್ರೂರಿ 1907ರಿಂದ 1924ರವರೆಗೆ ಅಲ್ಲಿನ ಮೂಲನಿವಾಸಿಗಳಾದ ಖೋಯ್‌ಸಾನ್ ಜನರ ಮೈ ಮೇಲೆಯೇ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದ. ‘ಅಳಿದುಹೋಗುವ ಶುದ್ಧ ಜನಾಂಗ’ವನ್ನು ದಾಖಲಿಸಬೇಕು ಅನ್ನೋದು ಉದ್ದೇಶ. 1960ರ ಹೊತ್ತಿಗೆ ಆ ಅಚ್ಚುಗಳನ್ನೇ ಬಳಸಿ ಒಂದು ದೊಡ್ಡ ದೃಶ್ಯ ಕಟ್ಟಿದರು. ಬಯಲು, ಗುಡಿಸಲು, ಬಿಲ್ಲುಬಾಣ ಹಿಡಿದ ಬೇಟೆಗಾರರು. ನೋಡಿದವರಿಗೆ ಅದು ಯಾವುದೋ ಆದಿಕಾಲ. ಆದರೆ ಅಚ್ಚು ಕೊಟ್ಟವರಲ್ಲಿ ಹಲವರು ಬಿಳಿಯರ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು. ಅವರ ಬಟ್ಟೆ ಬಿಚ್ಚಿಸಿ, ಹೆಸರು ಅಳಿಸಿ, ನೂರು ವರ್ಷ ಹಿಂದಕ್ಕೆ ತಳ್ಳಿ ಕೂರಿಸಿದ್ದರು. ಅದೇ ದಶಕದಲ್ಲಿ ಬಿಳಿಯರ ಪೀಠೋಪಕರಣ, ಪಿಂಗಾಣಿ ಮುಂತಾದವು ಬೇರೆಯ ಸಾಂಸ್ಕೃತಿಕ ಇತಿಹಾಸದ ಮ್ಯೂಸಿಯಂಗೆ ಹೋದವು. ಖೋಯ್‌ಸಾನ್ ಜನ ಮಾತ್ರ ಪ್ರಾಣಿ, ಪಳೆಯುಳಿಕೆಗಳ ಜೊತೆಗೇ ಉಳಿದರು. ಅದು ಆ ಮ್ಯೂಸಿಯಂನ ಅತಿ ಜನಪ್ರಿಯ ಪ್ರದರ್ಶನಗಳಲ್ಲಿ ಒಂದಾಗಿತ್ತು ಅನ್ನೋದು ನೆನಪಿರಲಿ. 1980ರ ದಶಕದ ಕೊನೆಗೆ, ಅಚ್ಚು ಕೊಟ್ಟವರ ನಿಜವಾದ ಫೋಟೋ ಮತ್ತು ವಿವರ ಪಕ್ಕದಲ್ಲಿ ಹಾಕಿ ತಿದ್ದಲು ನೋಡಿದರು. ಕೊನೆಗೆ 2001ರಲ್ಲಿ ಮುಚ್ಚಿದರು. ಮುಚ್ಚಿದಾಗ ಎಲ್ಲರೂ ಖುಷಿಪಡಲಿಲ್ಲ.

ಇವೆಲ್ಲ ಕೇಡಿಗರ ಕೆಲಸ, ನಾವು ಅಂಥವರಲ್ಲ ಅಂತ ಅಂದುಕೊಳ್ಳೋದು ಸುಲಭ. ನನ್ನದೇ ಒಂದು ಪೇಚು ಹೇಳುತ್ತೇನೆ. ಒಂದು ಸಂಗ್ರಹಾಲಯದಲ್ಲಿ ಲೇಬಲ್ ಬರೆಯುವ ಕೆಲಸದಲ್ಲಿದ್ದಾಗ ಒಂದು ಬಿದಿರಿನ ಕೂಳಿಯನ್ನು, ಅಂದರೆ ಮೀನು ಹಿಡಿಯುವ ಬುಟ್ಟಿಯನ್ನು, ಪ್ರದರ್ಶನಕ್ಕೆ ತೂಗುಹಾಕಿದ್ದೆವು. ಒಳ್ಳೇ ದೀಪ, ಒಳ್ಳೇ ಹಿನ್ನೆಲೆ. ‘ಈ ಜನ ಇದನ್ನು ಬಳಸುತ್ತಿದ್ದರು’ ಅಂತ ನಾನೇ ಬರೆದಿದ್ದೆ. ಒಂದು ದಿನ ವಯಸ್ಸಾದ ಹೆಂಗಸೊಬ್ಬರು ಅದರ ಮುಂದೆ ನಿಂತು ನಗಲು ಶುರು ಮಾಡಿದರು. ಯಾಕಮ್ಮಾ ಅಂದೆ. “ತಲೆಕೆಳಗಾಗಿ ಹಾಕಿದ್ದೀರಪ್ಪಾ. ಹಿಂಗಿಟ್ಟರೆ ಮೀನೂ ನಗುತ್ತೆ” ಅಂದರು. ಆಮೇಲೆ ಲೇಬಲ್‌ನಲ್ಲಿ ಏನು ಬರೆದಿದೆ ಅಂತ ಕೇಳಿದರು. ಓದಿದೆ. “ಬಳಸುತ್ತಿದ್ದರು ಅಂತ ಯಾಕೆ? ನಿನ್ನೆ ನನ್ನ ಮಗ ಬಳಸಿದ್ದಾನಲ್ಲ?” ರಿಜಿಸ್ಟರಿನಲ್ಲಿ ಆ ಬುಟ್ಟಿಯ ಅಳತೆ, ತೂಕ, ಬಂದ ತಾರೀಕು ಎಲ್ಲ ಇತ್ತು. ಅದನ್ನು ನೇಯುವವರನ್ನು ಒಂದು ಮಾತು ಕೇಳಿದ ದಾಖಲೆ ಮಾತ್ರ ಇರಲಿಲ್ಲ.

ಅವತ್ತಿನಿಂದ ಯಾವ ಮ್ಯೂಸಿಯಂಗೆ ಹೋದರೂ ನಾನು ಮೊದಲು ನೋಡುವುದು ಲೇಬಲ್‌ನ ಕ್ರಿಯಾಪದವನ್ನು. ಭೂತಕಾಲವಾ, ವರ್ತಮಾನವಾ? ಯಾರು ಮಾಡಿದರು ಅಂತಿದೆಯಾ, ಇಲ್ಲ ‘ಮಾಡಲಾಗಿದೆ’ ಅಂತಿದೆಯಾ? ‘ಸಂಗ್ರಹಿಸಲಾಯಿತು’ ಅನ್ನುವ ಪದ ಕಂಡರೆ ಅಲ್ಲಿ ಇನ್ನೆರಡು ನಿಮಿಷ ನಿಲ್ಲಿ. 1897ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೇನೆ ಈಗಿನ ನೈಜೀರಿಯಾದಲ್ಲಿರುವ ಬೆನಿನ್ ನಗರಕ್ಕೆ ನುಗ್ಗಿತು, ಅರಮನೆ ಲೂಟಿ ಮಾಡಿತು, ಓಬಾ, ಅಂದರೆ ಅಲ್ಲಿನ ಅರಸ, ಓವೊನ್ರಾಮ್ವೆನ್ ಅವರನ್ನು ಗಡೀಪಾರು ಮಾಡಿತು. ಅರಮನೆಯ ಕಂಬಗಳಲ್ಲಿದ್ದ ಹಿತ್ತಾಳೆಯ ಫಲಕಗಳು, ಪೂರ್ವಜರ ವೇದಿಕೆಯ ಮೇಲಿದ್ದ ತಲೆಗಳು, ದಂತದ ಕೆತ್ತನೆಗಳು ಯುರೋಪಿನ ಮಾರುಕಟ್ಟೆಗೆ ಬಂದವು. ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ ಬೆನಿನ್ನಿನ ಸುಮಾರು 900 ವಸ್ತುಗಳಿವೆ. ಇಂಥ ವಸ್ತುವಿನ ಪಕ್ಕ ‘1897ರಲ್ಲಿ ಪಡೆಯಲಾಯಿತು’ ಅಂತ ಬರೆದರೆ ಅದು ಸುಳ್ಳಲ್ಲ. ಹಾಗಂತ ನಿಜವೂ ಅಲ್ಲ, ಅಲ್ವಾ?

ಲೇಬಲ್ ತಿದ್ದಿದರೆ ಸಾಕಾಗುತ್ತದಾ? ಕೆಲವೊಮ್ಮೆ ಸಾಕಷ್ಟು ಆಗುತ್ತದೆ. ನೀವು ಹೋದ ಮ್ಯೂಸಿಯಂನಲ್ಲೇ 1939ರ ಒಂದು ಗಾಜಿನ ದೃಶ್ಯ ಇದೆ. 1660ರ ಸುಮಾರಿಗೆ ಡಚ್ ಗವರ್ನರ್ ಪೀಟರ್ ಸ್ಟೈವೆಸಾಂಟ್‌ನನ್ನು ಅಲ್ಲಿನ ಮೂಲನಿವಾಸಿ ಲೆನಾಪೆ ಜನ ಭೇಟಿಯಾಗುವ ಚಿತ್ರ. ಡಚ್ಚರು ಮೈತುಂಬ ಬಟ್ಟೆ ಹಾಕಿದ್ದಾರೆ, ಲೆನಾಪೆ ಗಂಡಸರು ಲಂಗೋಟಿಯಲ್ಲಿದ್ದಾರೆ. ಹೆಂಗಸರು ಹಿಂದೆ ಹೊರೆ ಹೊತ್ತು ಬಗ್ಗಿ ನಡೆಯುತ್ತಿದ್ದಾರೆ. ಹೆಸರಿರುವುದು ಗವರ್ನರ್‌ಗೆ ಮಾತ್ರ. 2018ರಲ್ಲಿ ಅದನ್ನು ತೆಗೆದುಹಾಕಲಿಲ್ಲ. ಗಾಜಿನ ಮೇಲೆಯೇ ದೊಡ್ಡ ಅಕ್ಷರದಲ್ಲಿ ಟಿಪ್ಪಣಿ ಅಂಟಿಸಿದರು: ಬಟ್ಟೆ ತಪ್ಪು, ಹೆಂಗಸರನ್ನು ತೋರಿಸಿದ ರೀತಿ ತಪ್ಪು, ನಾಯಕರ ಹೆಸರು ಬಿಟ್ಟದ್ದು ತಪ್ಪು. ತಪ್ಪನ್ನು ಅಳಿಸದೆ, ಮೇಷ್ಟ್ರು ಕೆಂಪು ಶಾಯಿಯಲ್ಲಿ ಗುರುತು ಹಾಕಿದ ಹಾಗೆ. ನನಗೆ ಅದು ತುಂಬ ಇಷ್ಟವಾದ ಕೆಲಸ.

ಆದರೆ ಜಾಣತನ ಜಾಸ್ತಿಯಾದರೆ ಕೈ ಸುಡುತ್ತದೆ. 1989ರಲ್ಲಿ ಟೊರಾಂಟೋದ ರಾಯಲ್ ಒಂಟಾರಿಯೊ ಮ್ಯೂಸಿಯಂ ಆಫ್ರಿಕಾ ಬಗ್ಗೆ ಒಂದು ಪ್ರದರ್ಶನ ಮಾಡಿತು. ಕೆನಡಾದ ಸೈನಿಕರು, ಮಿಷನರಿಗಳು ಆಫ್ರಿಕಾವನ್ನು ಹೇಗೆ ಕೀಳಾಗಿ ಕಂಡರು ಅನ್ನೋದನ್ನು ಅವರದೇ ಮಾತಿನಲ್ಲಿ ತೋರಿಸಿ ವ್ಯಂಗ್ಯ ಮಾಡೋದು ಉದ್ದೇಶ. ಹಳೆಯ ಅವಮಾನದ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರು. ಕುದುರೆ ಮೇಲಿನ ಬ್ರಿಟಿಷ್ ಅಧಿಕಾರಿ ಜುಲು ಯೋಧನಿಗೆ ಕತ್ತಿ ತಿವಿಯುವ ಚಿತ್ರವನ್ನು ದೊಡ್ಡದು ಮಾಡಿ ಹಾಕಿದರು. ಮಕ್ಕಳನ್ನು ಕರೆದುಕೊಂಡು ಬಂದ ಕಪ್ಪು ಜನರಿಗೆ ಕಂಡದ್ದು ಕತ್ತಿ, ಉದ್ಧರಣ ಚಿಹ್ನೆ ಅಲ್ಲ. ತಿಂಗಳುಗಟ್ಟಲೆ ಬಾಗಿಲ ಮುಂದೆ ಪ್ರತಿಭಟನೆ ನಡೆಯಿತು. ಆ ಪ್ರದರ್ಶನ ಮುಂದೆ ಹೋಗಬೇಕಿದ್ದ ಮ್ಯೂಸಿಯಂಗಳು ಬೇಡ ಅಂದವು. ರಾಯಲ್ ಒಂಟಾರಿಯೊ ಕ್ಷಮೆ ಕೇಳಿದ್ದು 2016ರಲ್ಲಿ. ಇಪ್ಪತ್ತೇಳು ವರ್ಷ ಬೇಕಾಯ್ತು.

ಹಾಗಾದರೆ ಇವನ್ನೆಲ್ಲ ಕಲೆ ಅಂತ ಕರೆದು ಕಲಾ ಮ್ಯೂಸಿಯಂನಲ್ಲಿ ಇಟ್ಟರೆ ಸರಿಹೋಗಲ್ವಾ ಅಂತ ನೀವು ಕೇಳಬಹುದು. ಅದರಲ್ಲೂ ಒಂದು ತಮಾಷೆ ಇದೆ. 1988ರಲ್ಲಿ ನ್ಯೂಯಾರ್ಕಿನ ಸೆಂಟರ್ ಫಾರ್ ಆಫ್ರಿಕನ್ ಆರ್ಟ್‌ನಲ್ಲಿ ಸೂಸನ್ ವೋಗೆಲ್ ಒಂದು ಪ್ರಯೋಗ ಮಾಡಿದರು. ಮಧ್ಯ ಆಫ್ರಿಕಾದ ಜಾಂಡೆ ಜನರ ಬೇಟೆ ಬಲೆಯೊಂದನ್ನು, ಸಾಗಿಸಲು ಸುತ್ತಿ ಕಟ್ಟಿದ್ದ ಹಾಗೆಯೇ, ಬಿಳಿ ಕೋಣೆಯಲ್ಲಿ ತಗ್ಗು ಪೀಠದ ಮೇಲೆ ದೀಪ ಬಿಟ್ಟು ಇಟ್ಟರು. ನೋಡಿದವರು ಅದನ್ನು ಮಹಾ ಶಿಲ್ಪ ಅಂದುಕೊಂಡರು. ಅದು ಬಲೆ, ಅಷ್ಟೇ. ಕೋಣೆ ಅದನ್ನು ಕಲೆ ಮಾಡಿತ್ತು. ಗಾಜಿನ ಪೆಟ್ಟಿಗೆ ಒಂದು ವಸ್ತುವನ್ನು ‘ಮಾದರಿ’ ಮಾಡುತ್ತದೆ, ಬಿಳಿ ಗೋಡೆ ಅದನ್ನು ‘ಕಲಾಕೃತಿ’ ಮಾಡುತ್ತದೆ. ಎರಡರಲ್ಲೂ ಆ ವಸ್ತುವಿಗೆ ಇದ್ದ ಸ್ವಂತ ಕೆಲಸ ಹೋಗಿಬಿಡುತ್ತದೆ.

ಈಗ ನಿಮ್ಮ ಪ್ರಶ್ನೆಯ ಹೊಟ್ಟೆಗೆ ಬಂದೆವು. ವಸ್ತುವಿಗೆ ಅದರದೇ ಆದ ಕೆಲಸ ಇರುತ್ತದೆ. ಕೆಲವು ವಸ್ತುಗಳ ಕೆಲಸ ಕಾಣಿಸಿಕೊಳ್ಳುವುದಲ್ಲ. ಕೆಲವು ವಸ್ತುಗಳ ಕೆಲಸ ಉಳಿಯುವುದೂ ಅಲ್ಲ.

ಅಮೆರಿಕದ ನ್ಯೂಮೆಕ್ಸಿಕೋದ ಜೂನಿ ಜನರಲ್ಲಿ ಅಹಾಯುದ ಅನ್ನೋ ಅವಳಿ ಯುದ್ಧದೇವರಿದ್ದಾರೆ. ಚಳಿಗಾಲದ ಅಯನದ ಹೊತ್ತಿಗೆ ನಿರ್ದಿಷ್ಟ ಕುಲದವರು ಮರದಲ್ಲಿ ಆ ದೇವರನ್ನು ಕೆತ್ತುತ್ತಾರೆ, ಬೆಟ್ಟದ ಮೇಲಿನ ತೆರೆದ ಜಾಗದಲ್ಲಿ ಇಡುತ್ತಾರೆ. ಹೊಸದು ಬಂದಾಗ ಹಳೆಯದನ್ನು ಪಕ್ಕದ ರಾಶಿಗೆ ಸೇರಿಸುತ್ತಾರೆ. ಆಮೇಲೆ ಮಳೆ, ಬಿಸಿಲು, ಗಾಳಿ. ಮರ ಸೀಳುತ್ತದೆ, ಬೂದಿ ಬಣ್ಣಕ್ಕೆ ತಿರುಗುತ್ತದೆ, ಮಣ್ಣಾಗುತ್ತದೆ. ಹಾಗೆ ಮಣ್ಣಾಗುತ್ತಲೇ ಅದು ಲೋಕವನ್ನು ಕಾಯುತ್ತದೆ ಅನ್ನೋದು ಅವರ ನಂಬಿಕೆ. ಈ ಮರದ ದೇವರನ್ನು ಸಂಗ್ರಾಹಕರು ಎತ್ತಿಕೊಂಡು ಹೋದರು. ಮ್ಯೂಸಿಯಂಗಳು ಹುಳ ಹಿಡಿಯದ ಹಾಗೆ, ತೇವ ತಾಗದ ಹಾಗೆ ಜೋಪಾನ ಮಾಡಿದವು. ಒಬ್ಬರ ಜೋಪಾನ ಇನ್ನೊಬ್ಬರಿಗೆ ದೇವರನ್ನು ಸೆರೆಯಲ್ಲಿಟ್ಟ ಹಾಗೆ.

ಜೂನಿ ನಾಯಕರು 1978ರಿಂದ ಒಂದೊಂದೇ ಕಡೆ ಕೇಳುತ್ತಾ ಬಂದರು. ಡೆನ್ವರ್ ಆರ್ಟ್ ಮ್ಯೂಸಿಯಂ ಮೊದಲು ಕೊಟ್ಟವರಲ್ಲಿ ಒಂದು. ಜೂನಿಯವರ ವಾದ ವಕೀಲರನ್ನೂ ಸುಮ್ಮನಾಗಿಸುವಂಥದ್ದು. ಅಹಾಯುದ ಇಡೀ ಜನರ ಸ್ವತ್ತು, ಯಾವ ಒಬ್ಬ ಜೂನಿಗೂ ಅದನ್ನು ಮಾರುವ ಹಕ್ಕಿಲ್ಲ, ಆದ್ದರಿಂದ ಹೊರಗೆ ಎಲ್ಲಿ ಕಂಡರೂ ಅದು ಕದ್ದ ಮಾಲು. ರಸೀದಿ ತೋರಿಸಿ ಪ್ರಯೋಜನವಿಲ್ಲ. ನ್ಯಾಗ್‌ಪ್ರಾ ಬರುವುದಕ್ಕೆ ಹನ್ನೆರಡು ವರ್ಷ ಮುಂಚಿನ ಮಾತು ಇದು. ಹೀಗೆ ಹತ್ತಾರು ದೇವರು ಮನೆಗೆ ಬಂದವು. ಮತ್ತೆ ಕಳ್ಳತನ ಆಗದ ಹಾಗೆ ಜೂನಿಯವರು ಸುತ್ತ ಭದ್ರವಾದ ಆವರಣ ಕಟ್ಟಿದರು, ಆದರೆ ಮಳೆ ಬಿಸಿಲು ತಾಗುವ ಹಾಗೆ ಮೇಲೆ ತೆರೆದೇ ಬಿಟ್ಟರು. ಈಗ ಅವು ಅಲ್ಲಿ ನೆಮ್ಮದಿಯಾಗಿ ಕೊಳೆಯುತ್ತಿವೆ.

ಜೋಪಾನದ ಇನ್ನೊಂದು ಮುಖ ಕಡಿಮೆ ಜನಕ್ಕೆ ಗೊತ್ತು. ಹಿಂದಿನ ಕಾಲದಲ್ಲಿ ಹುಳದಿಂದ ಉಳಿಸಲು ತೊಗಲು, ಗರಿ, ಮರದ ವಸ್ತುಗಳಿಗೆ ಆರ್ಸೆನಿಕ್‌ನಂಥ ವಿಷ ಹಾಕುತ್ತಿದ್ದರು. ಅರಿಜೋನಾದ ಹೋಪಿ ಜನರಿಗೆ ವಾಪಸ್ ಬಂದ ಪವಿತ್ರ ವಸ್ತುಗಳಲ್ಲಿ ಆ ವಿಷ ಸಿಕ್ಕಿತು. ಶೋಕೇಸಿನಲ್ಲಿ ನೋಡಲು ಮಾತ್ರ ಇಟ್ಟುಕೊಂಡವರಿಗೆ ಅದರಿಂದ ತೊಂದರೆ ಇರಲಿಲ್ಲ. ಅದನ್ನು ಮೈಗೆ ತಾಗಿಸಿ ಬಳಸಬೇಕಾದವರಿಗೆ ಅದು ಪ್ರಾಣದ ಪ್ರಶ್ನೆ. ಯಾರಾದರೂ ಮತ್ತೆ ಬಳಸುತ್ತಾರೆ ಅನ್ನೋ ಯೋಚನೆಯೇ ಮ್ಯೂಸಿಯಂಗೆ ಬಂದಿರಲಿಲ್ಲ.

ಇನ್ನು ಬ್ರಿಟಿಷ್ ಮ್ಯೂಸಿಯಂನಲ್ಲಿ ಇಥಿಯೋಪಿಯಾದ 11 ತಾಬೊತ್‌ಗಳಿವೆ. ಚರ್ಚಿನ ಗರ್ಭಗುಡಿಯಲ್ಲಿ ಇರಬೇಕಾದ ಪವಿತ್ರ ಫಲಕಗಳು ಅವು. ಅವುಗಳಲ್ಲಿ ಹೆಚ್ಚಿನವು 1868ರಲ್ಲಿ ಬ್ರಿಟಿಷ್ ಸೇನೆ ಮಕ್ದಲ ಕೋಟೆಯಿಂದ ಹೊತ್ತು ತಂದ ಲೂಟಿಯ ಜೊತೆ ಬಂದವು. ಪಾದ್ರಿಗಳನ್ನು ಬಿಟ್ಟು ಬೇರೆ ಯಾರೂ ಅವನ್ನು ನೋಡುವಂತಿಲ್ಲ ಅನ್ನೋ ಕಟ್ಟಳೆಯನ್ನು ಮ್ಯೂಸಿಯಂ ಗೌರವಿಸುತ್ತದೆ. ಹಾಗಾಗಿ ಅವನ್ನು ಪ್ರದರ್ಶಿಸುವುದಿಲ್ಲ, ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್‌ಗಳೂ ನೋಡುವುದಿಲ್ಲ. ಯಾರೂ ನೋಡದ, ಯಾರೂ ಅಧ್ಯಯನ ಮಾಡದ ವಸ್ತುವನ್ನು ಮ್ಯೂಸಿಯಂ ಯಾಕೆ ಇಟ್ಟುಕೊಂಡಿದೆ? ನೀವು ಕೇಳಿದ ತೋರಿಕೆಯ ಗೌರವ ಅಂದರೆ ಇದು ಅಂತ ನಾನು ಬೊಟ್ಟು ಮಾಡಬಲ್ಲೆ. ನೋಡಬೇಡಿ ಅನ್ನೋ ಅರ್ಧ ಮಾತು ಕೇಳಿಸಿಕೊಂಡರು, ಕೊಡಿ ಅನ್ನೋ ಇನ್ನರ್ಧ ಕೇಳಿಸಲಿಲ್ಲ.

‘ಬೇಡ’ ಅನ್ನುವ ಹಕ್ಕು ಕೊಟ್ಟರೆ ಎಲ್ಲರೂ ಬೇಡ ಅಂತಲೇ ಕೂರುತ್ತಾರೆ, ಮ್ಯೂಸಿಯಂ ಖಾಲಿಯಾಗುತ್ತದೆ ಅನ್ನೋ ಭಯ ಎಲ್ಲ ಕಡೆ ಇದೆ. ನಡೆದದ್ದು ಹಾಗಲ್ಲ. 1984ರಲ್ಲಿ ನ್ಯೂಜಿಲೆಂಡಿನ ಮಾವೊರಿ ಜನರ ಕೆತ್ತನೆಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋಗಬೇಕಿತ್ತು. ವಸ್ತುಗಳು ಮ್ಯೂಸಿಯಂಗಳ ವಶದಲ್ಲಿದ್ದರೂ ಒಂದೊಂದಕ್ಕೂ ಆಯಾ ಕುಲದವರ ಒಪ್ಪಿಗೆ ಕೇಳಿದರು. ಒಪ್ಪದವರೂ ಇದ್ದರು, ಅವರ ವಸ್ತುಗಳು ಹೋಗಲಿಲ್ಲ. ಒಪ್ಪಿದವರು ಸುಮ್ನೆ ಕಳಿಸಿ ಕೂರಲಿಲ್ಲ, ತಾವೂ ಹೋದರು. ನಸುಕಿನಲ್ಲಿ ಹಿರಿಯರು ಮಂತ್ರ ಹೇಳುತ್ತಾ, ಆ ಮೂರ್ತಿಗಳನ್ನು ಅಜ್ಜ ಅಜ್ಜಿಯರನ್ನು ಮಾತಾಡಿಸಿದ ಹಾಗೆ ಮಾತಾಡಿಸುತ್ತಾ ಒಳಗೆ ಬಂದರು. ಅಲ್ಲಿಯವರೆಗೆ ‘ಬುಡಕಟ್ಟು ವಸ್ತು’ ಆಗಿದ್ದದ್ದು ಅವತ್ತು ಯಾರದೋ ಪೂರ್ವಜರಾಯ್ತು. ಆ ಪ್ರದರ್ಶನ ವಾಪಸ್ ಬಂದ ಮೇಲೆ ನ್ಯೂಜಿಲೆಂಡಿನ ಮ್ಯೂಸಿಯಂಗಳ ರೀತಿಯೇ ಬದಲಾಯ್ತು. 1998ರಲ್ಲಿ ವೆಲಿಂಗ್ಟನ್‌ನಲ್ಲಿ ತೆರೆದ ತೆ ಪಾಪಾ ಮ್ಯೂಸಿಯಂ ಆ ದಾರಿಯಲ್ಲೇ ನಡೆದದ್ದು. ಬೇಡ ಅನ್ನಬಹುದು ಅಂತ ಗೊತ್ತಿದ್ದವರು ‘ಆಯ್ತು’ ಅಂದರೆ ಅದಕ್ಕೆ ತೂಕವೇ ಬೇರೆ.

ಇದೆಲ್ಲ ಸಲೀಸಾಗಿ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಯಾರ ‘ಬೇಡ’ ಅನ್ನೋದೇ ದೊಡ್ಡ ತಕರಾರು. ಬೆನಿನ್ ವಸ್ತುಗಳನ್ನು ಜರ್ಮನಿ 2022ರಲ್ಲಿ ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. 2023ರ ಮಾರ್ಚಿನಲ್ಲಿ ಅಲ್ಲಿನ ಅಧ್ಯಕ್ಷರು, ಇವುಗಳ ಒಡೆಯ ಬೆನಿನ್ನಿನ ಓಬಾ ಅಂತ ಆದೇಶ ಹೊರಡಿಸಿದರು. ಕೆಲವು ಯುರೋಪಿಯನ್ನರು, ನಾವು ದೇಶಕ್ಕೆ ಕೊಟ್ಟರೆ ಅದು ಅರಮನೆಗೆ ಹೋಯಿತಲ್ಲ ಅಂತ ಗೊಣಗಿದರು. ಅರಮನೆಯಿಂದಲೇ ತಾನೇ ಹೊತ್ತು ತಂದದ್ದು! ವಾಷಿಂಗ್ಟನ್ನಿನಲ್ಲಿ 2004ರಲ್ಲಿ ಅಮೆರಿಕನ್ ಇಂಡಿಯನ್ನರದೇ ರಾಷ್ಟ್ರೀಯ ಮ್ಯೂಸಿಯಂ ತೆರೆದಾಗ, ಒಂದೊಂದು ಜನಕ್ಕೂ ತಮ್ಮ ಕಥೆ ತಾವೇ ಹೇಳಲು ಜಾಗ ಕೊಟ್ಟರು. ವಿಮರ್ಶಕರಲ್ಲಿ ಕೆಲವರು ಇದು ಚದುರಿಹೋಗಿದೆ, ವಿದ್ವತ್ತಿಲ್ಲ ಅಂದರು. ಮೂಲನಿವಾಸಿ ವಿದ್ವಾಂಸರಲ್ಲಿ ಕೆಲವರು ನಮ್ಮ ಮೇಲೆ ನಡೆದ ಹಿಂಸೆಯ ಮಾತೇ ಇಲ್ಲಿ ಸಾಲದು ಅಂದರು. ಎರಡೂ ಕಡೆಯ ದೂರಿನಲ್ಲಿ ಹುರುಳಿತ್ತು.

ಇನ್ನು ನೋಡೋದೇನು, ಕಲಿಯೋದೇನು ಅಂತ ಕೇಳಿದಿರಿ. ನಿಮಗೆ ಬಾಗಿಲು ಮುಚ್ಚಿದ್ದ ಅದೇ ಕಟ್ಟಡದಲ್ಲಿ ನಾರ್ತ್‌ವೆಸ್ಟ್ ಕೋಸ್ಟ್ ಹಾಲ್ ಇದೆ. ಬೋವಾಸ್ ಕಾಲದಲ್ಲಿ ಕಟ್ಟಿದ್ದನ್ನು ಆ ಕರಾವಳಿಯ ಜನರ ಪ್ರತಿನಿಧಿಗಳ ಜೊತೆ ಕೂತು ಹೊಸದಾಗಿ ಮಾಡಿ 2022ರ ಮೇನಲ್ಲಿ ತೆರೆದರು. ಅದರ ಇಬ್ಬರು ಕ್ಯುರೇಟರ್‌ಗಳಲ್ಲಿ ಒಬ್ಬರು ನೂಚಾನುಲ್ತ್ ಜನರ ಹಾಯೂಪ್ಸ್. ಈ ವಸ್ತುಗಳು ನಿಜಕ್ಕೂ ಇರಬೇಕಾದದ್ದು ತಮ್ಮ ಜನರ ಮನೆಗಳಲ್ಲಿ ಅಂತ ಅವರು ಬಹಿರಂಗವಾಗಿ ಹೇಳಿದ್ದಾರೆ. ಹೇಳಿಕೊಂಡೇ ಆ ಕೆಲಸ ಮಾಡಿದ್ದಾರೆ. ಮುಂದಿನ ಸಲ ಹೋದರೆ ಅಲ್ಲಿ ಒಂದು ಗಂಟೆ ಕಳೆಯಿರಿ, ಲೇಬಲ್‌ಗಳಲ್ಲಿ ಯಾರು ಮಾತಾಡುತ್ತಿದ್ದಾರೆ ಅಂತ ನೋಡಿ.

ಸಾಧ್ಯವಾದರೆ ಇನ್ನೂ ದೂರ ಹೋಗಿ. ಕೆನಡಾದ ಪಶ್ಚಿಮ ಕರಾವಳಿಯ ಅಲರ್ಟ್ ಬೇ ಅನ್ನೋ ಪುಟ್ಟ ಊರಿಗೆ. ಅಲ್ಲಿನ ಕ್ವಾಕ್ವಕಾವಾಕ್ ಜನರ ದೊಡ್ಡ ಸಮಾರಂಭದ ಹೆಸರು ಪಾಟ್‌ಲ್ಯಾಚ್. ಕುಣಿತ, ಮುಖವಾಡ, ಊಟ, ಬಂದವರಿಗೆಲ್ಲ ಉಡುಗೊರೆ. ಕೊಟ್ಟಷ್ಟೂ ಮನೆತನದ ಮರ್ಯಾದೆ ಹೆಚ್ಚು. ಕೆನಡಾ ಸರ್ಕಾರ 1885ರಿಂದ 1951ರವರೆಗೆ ಅದನ್ನು ನಿಷೇಧಿಸಿತ್ತು. 1921ರ ಡಿಸೆಂಬರಿನಲ್ಲಿ ಡ್ಯಾನ್ ಕ್ರಾನ್ಮರ್ ಗುಟ್ಟಾಗಿ ದೊಡ್ಡ ಪಾಟ್‌ಲ್ಯಾಚ್ ಮಾಡಿದರು. ಸುದ್ದಿ ಹೊರಬಿತ್ತು. ಮುಖವಾಡಗಳನ್ನು ಒಪ್ಪಿಸಿದರೆ ಶಿಕ್ಷೆಯಿಂದ ಬಿಡುಗಡೆ, ಇಲ್ಲದಿದ್ದರೆ ಜೈಲು ಅಂದರು. ಕೆಲವರು ಜೈಲಿಗೆ ಹೋದರು. ಮುಖವಾಡಗಳು ಒಟ್ಟಾವ, ಟೊರಾಂಟೋ, ನ್ಯೂಯಾರ್ಕ್ ಅಂತ ಹಂಚಿಹೋದವು. ಒಟ್ಟಾವದವರು ಕೊನೆಗೆ ಕೊಡಲು ಒಪ್ಪಿದಾಗ ಒಂದು ಷರತ್ತು ಹಾಕಿದರು, ಮ್ಯೂಸಿಯಂ ಕಟ್ಟಿದರೆ ಮಾತ್ರ ಕೊಡುತ್ತೇವೆ. ಸರಿ ಅಂತ ಕಟ್ಟಿದರು, 1980ರಲ್ಲಿ.

ಆ ಮ್ಯೂಸಿಯಂನ ಮುಖ್ಯ ಕೋಣೆಯಲ್ಲಿ ಪಾಟ್‌ಲ್ಯಾಚ್ ಮುಖವಾಡಗಳಿಗೆ ಗಾಜಿಲ್ಲ. ಇಷ್ಟು ವರ್ಷ ಪೆಟ್ಟಿಗೆಯಲ್ಲಿ ಕೂಡಿಹಾಕಿದ್ದವರನ್ನು ಮತ್ತೆ ಪೆಟ್ಟಿಗೆಗೆ ಹಾಕುವುದು ಬೇಡ ಅಂದರು. ಜೋಡಣೆ ವಯಸ್ಸಿನ ಪ್ರಕಾರ ಇಲ್ಲ, ಆಕಾರದ ಪ್ರಕಾರವೂ ಇಲ್ಲ. ಸಮಾರಂಭದಲ್ಲಿ ಯಾವುದಾದ ಮೇಲೆ ಯಾವುದು ಕುಣಿಯುತ್ತಾ ಬರುತ್ತದೋ ಅದೇ ಸಾಲು. ಮ್ಯೂಸಿಯಂಗೆ ಇಟ್ಟ ಹೆಸರು ಉಮಿಸ್ತಾ. ಹಿಂದೆ ಶತ್ರುಗಳು ಸೆರೆ ಹಿಡಿದುಕೊಂಡು ಹೋದವರು ಹೇಗೋ ಮನೆಗೆ ಮರಳಿ ಬಂದರೆ, ಅವರಿಗೆ ಉಮಿಸ್ತಾ ಆಯ್ತು ಅನ್ನುತ್ತಿದ್ದರಂತೆ.

ಉಳಿದ ವಸ್ತುಗಳನ್ನು ಹುಡುಕಿ ತರುವ ಕೆಲಸ ಆಮೇಲೂ ನಿಲ್ಲಲಿಲ್ಲ. 2003ರಲ್ಲಿ ಫ್ರೆಂಚ್ ಕವಿ ಆಂದ್ರೆ ಬ್ರೆತೊನ್ ಅವರ ಸಂಗ್ರಹದಲ್ಲಿದ್ದ ಒಂದು ಶಿರೋಭೂಷಣವನ್ನು ಅವರ ಮಗಳೇ ತಂದುಕೊಟ್ಟರು. ಅದೇ ಪಾಟ್‌ಲ್ಯಾಚ್‌ನ ಒಂದು ಮುಖವಾಡ ಬ್ರಿಟಿಷ್ ಮ್ಯೂಸಿಯಂ ಸೇರಿತ್ತು. ಕುಣಿಯುವಾಗ ತೆರೆದುಕೊಂಡು ಒಳಗಿನ ಇನ್ನೊಂದು ಮುಖ ತೋರಿಸುವಂಥದ್ದು. 2005ರಲ್ಲಿ ಅದೂ ಅಲರ್ಟ್ ಬೇಗೆ ಬಂತು. ಬಂದ ಕಾಗದದಲ್ಲಿ ‘ವಾಪಸ್’ ಅಂತ ಇರಲಿಲ್ಲ. ಎರವಲು ಅಂತ ಇತ್ತು.